ನೂರನೆಯ ಗಾಡಿ

ಪೃಥ್ವೀರಾಜನ ಆ ದಿನದ ಗೋಳಿಗೆಲ್ಲ ಮೂಲ ಒಂದೇ ಒಂದು ಕ್ರಿಯಾಪದ.

ಬೆಳಿಗ್ಗೆ ಏಳು ಗಂಟೆಗೆ, ಬಾಯಿ ತುಂಬ ಟೂತ್‌ಪೇಸ್ಟ್ ನೊರೆ ಇದ್ದಾಗ, ಕೊಂಡಪಲ್ಲಿಯಿಂದ ಬಾಬ್ಜಿಯ ಫೋನ್ ಬಂತು. ಬಾಬ್ಜಿ ರಟ್ಟಿನ ಡಬ್ಬ ತಯಾರಿಸುವವನು. ವಿಶಾಖಪಟ್ಟಣದ ಹೊರಗಿನ ಒಂದು ಔಷಧಿ ಕಾರ್ಖಾನೆಗೆ ಆ ಡಬ್ಬಗಳನ್ನು ತರಿಸುವುದು ಪೃಥ್ವೀರಾಜನ ಉದ್ಯೋಗ. ಹಿಂದೆ ಎಂಟು ವರ್ಷ ಯಶವಂತಪುರದಲ್ಲಿ ದುಡಿದಿದ್ದ ಬಾಬ್ಜಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಗಾಬರಿಯಾದಾಗ ಮಾತ್ರ ತೆಲುಗು.

"ಸಾರ್, ಬಂಡಿ ತುನಿಲೋ ಆಗಿಂದಿ!" ಎಂದ.

ಚನ್ನರಾಯಪಟ್ಟಣದ ಪೃಥ್ವೀರಾಜ ಇದನ್ನು 'ಗಾಡಿ ತುನಿ ದಾಟಿ ಆಗಿದೆ' ಎಂದು ತಿಳಿದ. ತುನಿ ದಾಟಿದರೆ ಇನ್ನೆಷ್ಟು ದೂರ, ಎರಡು ಗಂಟೆಯ ದಾರಿ. "ಭೇಷ್ ಬಾಬ್ಜಿ, ಭೇಷ್!" ಎಂದು ಫೋನಿನ ಮೇಲೆಲ್ಲ ನೊರೆ ಹಾರಿಸಿದ. ತೆಲುಗಿನಲ್ಲಿ 'ಆಗಿಂದಿ' ಎಂದರೆ ನಿಂತುಹೋಯಿತು ಎಂದರ್ಥ. ಎರಡು ವರ್ಷ ಆಂಧ್ರದ ಅನ್ನ ತಿಂದವನಿಗೆ ಇದು ಗೊತ್ತಿರಬೇಕಿತ್ತು. ಗೊತ್ತೂ ಇತ್ತು. ಆದರೆ ಒಳ್ಳೆಯ ಸುದ್ದಿಗಾಗಿ ಬಾಯಿಬಿಟ್ಟುಕೊಂಡು ಕಾಯುವವನ ಕಿವಿ ತಾಯ್ನುಡಿಯಲ್ಲೇ ಕೇಳುತ್ತದೆ, ಏನು ಮಾಡುವುದು.

ಅವನು ಕಾಯುತ್ತಿದ್ದುದಕ್ಕೂ ಕಾರಣವಿತ್ತು. ಪೃಥ್ವೀರಾಜ ಕಾಂಟ್ರಾಕ್ಟ್ ನೌಕರ. ವರ್ಷಕ್ಕೆ ನೂರು ಗಾಡಿ ಡಬ್ಬ ಬರಬೇಕು, ಅದರಲ್ಲಿ ತೊಂಬತ್ತೈದಾದರೂ ಹೊತ್ತಿಗೆ ಸರಿಯಾಗಿ ಬಂದರೆ ಅವನನ್ನು ಕಾಯಂ ಮಾಡಲು ಪರಿಗಣಿಸಲಾಗುವುದು ಎಂದು ಕಂಪನಿ ಬರೆದುಕೊಟ್ಟಿತ್ತು. ಇದುವರೆಗೆ ತೊಂಬತ್ತೊಂಬತ್ತು ಬಂದಿದ್ದವು, ತೊಂಬತ್ತನಾಲ್ಕು ಹೊತ್ತಿಗೆ ಸರಿಯಾಗಿ. ಇವತ್ತು ಮಾರ್ಚ್ ಮೂವತ್ತೊಂದು. ತುನಿಯಲ್ಲಿದ್ದದ್ದು ನೂರನೆಯ ಗಾಡಿ.

ಕಾಯಂ ಆದವರ ತಂದೆತಾಯಿಗೆ ಕಂಪನಿ ಉಚಿತ ಚಿಕಿತ್ಸೆಯ ಆಸ್ಪತ್ರೆ ಕಾರ್ಡು ಕೊಡುತ್ತದೆ. ಪೃಥ್ವೀರಾಜನ ತಾಯಿ ಇಂದಿರಮ್ಮನವರ ಎರಡೂ ಮಂಡಿ ಸವೆದಿದ್ದವು. ಲಿಫ್ಟ್ ಇಲ್ಲದ ಮೂರನೇ ಮಹಡಿಯಿಂದ ಅವರು ಕೆಳಗಿಳಿದು ಎಂಟು ತಿಂಗಳಾಗಿತ್ತು. ಸಿಂಹಾಚಲದ ಬೆಟ್ಟ ಅಡುಗೆಮನೆಯ ಕಿಟಕಿಯಲ್ಲಿ ಕಾಣುತ್ತಿದ್ದುದರಿಂದ ನರಸಿಂಹಸ್ವಾಮಿಗೆ ಕೈ ಮುಗಿಯುವುದೂ ಅಲ್ಲಿಂದಲೇ.

"ಆಯ್ತೇನೋ ಮಗಾ?" ಎಂದರು ಇಂದಿರಮ್ಮ.

"ಆದಂಗೇ ಕಣಮ್ಮ. ಒಂಬತ್ತೂವರೆಗೆಲ್ಲ ಗಾಡಿ ಒಳಗಿರುತ್ತೆ."

"ಹಂಗಾದ್ರೆ ಆಸ್ಪತ್ರೆಲಿರೋ ಆ ಹರ್ಷಿತಾಗೆ ಫೋನ್ ಮಾಡಿ ಮಂಡಿ ಆಪರೇಷನ್‌ಗೆ ದಿನ ಕೇಳ್ಲಾ? ಪಾಪ, ಕನ್ನಡದ ಹುಡುಗಿ, ಯಾವತ್ತು ಬೇಕಾದ್ರೂ ಕೇಳಿ ಅಂದಿದ್ಲು."

"ಕೇಳಮ್ಮ, ಧೈರ್ಯವಾಗಿ ಕೇಳು!" ಎಂದು ಪೃಥ್ವೀರಾಜ ಶಿಳ್ಳೆ ಹಾಕುತ್ತ ಮೆಟ್ಟಿಲಿಳಿದ.

ಆಫೀಸಿಗೆ ಬಂದವನು ಸುಮ್ಮನಿರಬಹುದಿತ್ತು. ಇರಲಿಲ್ಲ. ಮ್ಯಾನೇಜರ್ ಅನಿಲ್‌ಕುಮಾರ್ ಬಳ್ಳಾರಿ ಕಡೆಯವರು. ಅವರ ಮುಂದೆ ನಿಂತು, ತೊಂಬತ್ತೈದು ಮುಗಿದ ಹಾಗೇ ಎಂದುಬಿಟ್ಟ. ಅವರು ಕೈ ಕುಲುಕಿದರು. "ಖರೇನಾ? ನೀವು ಭಾಳ ಚಲೋ ಮಾಡಿದ್ರಿ ಬಿಡ್ರಿ" ಎಂದು ಆಗಲೇ ವಿಜಯವಾಡದ ಹೆಡ್ ಆಫೀಸಿಗೆ ಫೋನ್ ಹಚ್ಚಿದರು. ಕಾಯಂ ಆಗುವ ಮೊದಲೇ ಪೃಥ್ವೀರಾಜನ ನಡಿಗೆ ಕಾಯಂ ನೌಕರನ ಹಾಗೆ ನಿಧಾನವಾಯಿತು.

ಹನ್ನೊಂದಾದರೂ ಗಾಡಿಯ ಸುಳಿವಿಲ್ಲ. ಬಾಬ್ಜಿಗೆ ಫೋನ್ ಮಾಡಿದ.

"ತುನೀಲೇ ಇದೆ ಸಾರ್" ಎಂದ ಬಾಬ್ಜಿ, ಈಗ ಶಾಂತವಾಗಿ, ಕನ್ನಡದಲ್ಲಿ. "ಬೆಳಿಗ್ಗೆನೇ ಹೇಳಿದ್ನಲ್ಲ, ಚಕ್ರದ ಬೇರಿಂಗ್ ಹೋಗಿ ನಿಂತೋಯ್ತು ಅಂತ. ನೀವು ಭೇಷ್ ಅಂದ್ರಿ. ಗಾಡಿ ಕೆಟ್ರೆ ಭೇಷ್ ಅನ್ನೋ ಆಫೀಸರ್‌ನ ನಾನು ಹುಟ್ಟಿದ್ಮೇಲೆ ನೋಡಿರ್ಲಿಲ್ಲ ಸಾರ್. ನಮ್ಮ ಮನೆಯವರಿಗೂ ಹೇಳ್ದೆ, ಎಂಥಾ ದೊಡ್ಡ ಮನಸ್ಸು ನೋಡು ಅಂತ."

ಬೆಳಗಿನ 'ಆಗಿಂದಿ' ಪೃಥ್ವೀರಾಜನಿಗೆ ಈಗ ತೆಲುಗಿನಲ್ಲಿ ಕೇಳಿಸಿತು. "ಬಾಬ್ಜಿ, ಬೇರೆ ಲಾರಿ ಮಾಡು. ಡಬ್ಬ ಅದಕ್ಕೆ ತುಂಬಿಸು. ಈಗಲೇ!"

"ತುಂಬಿಸಿ ಹೊರಟು ಅಲ್ಲಿಗೆ ಬರೋದ್ರೊಳಗೆ ಸಂಜೆ ಆರು ಆಗುತ್ತೆ ಸಾರ್."

"ಆರಾದ್ರೂ ಆಗ್ಲಿ, ಡಬ್ಬ ಇಲ್ದೆ ಇಲ್ಲಿ ಪ್ಯಾಕಿಂಗ್ ಲೈನು ನಿಂತಿದೆ!"

"ಕರಾರಿನ ಪ್ರಕಾರ ಸಂಜೆ ಐದು ದಾಟಿ ಒಂದು ನಿಮಿಷ ಆದ್ರೂ ಹತ್ತು ಪರ್ಸೆಂಟ್ ಕಟ್. ಹತ್ತು ದಿನ ಆದ್ರೂ ಅದೇ ಹತ್ತು ಪರ್ಸೆಂಟ್. ತಡ ಅಂತೂ ಆಗೋಯ್ತು, ಇನ್ನು ಎರಡನೇ ಲಾರಿ ಬಾಡಿಗೆ ನಾನ್ಯಾಕೆ ಕೊಡ್ಲಿ? ಬೇರಿಂಗ್ ಬರ್ಲಿ, ನಿಧಾನವಾಗಿ ಕಳಿಸ್ತೀನಿ. ಕರಾರು ಬರೆದವರು ಯಾರೋ ಗೊತ್ತಿಲ್ಲ ಸಾರ್, ಒಮ್ಮೆ ತಡ ಆದ್ಮೇಲೆ ಅವಸರನೇ ಇಲ್ದಂಗೆ ಬರ್ದವ್ರೆ."

ಬರೆದವನು ಪೃಥ್ವೀರಾಜನೇ. ಒಂದು ನಿಮಿಷಕ್ಕೂ ಅಷ್ಟು ದಂಡ ಹಾಕಿದರೆ ಸರಬರಾಜುದಾರ ಹೆದರಿ ಓಡಿಬರುತ್ತಾನೆಂದು ಲೆಕ್ಕ ಹಾಕಿದ್ದ. ಬರಲಾಗದವನು ಏನು ಮಾಡುತ್ತಾನೆ ಎಂಬ ಯೋಚನೆ ಆಗ ಬಂದಿರಲಿಲ್ಲ. ಕಾಗದ ಬರೆಯುವಾಗ ಎಲ್ಲರೂ ಬುದ್ಧಿವಂತರೇ.

ಅವನು ಬೇಡಿಕೊಂಡ. ಅಮ್ಮನ ಮಂಡಿಯ ವಿಷಯವನ್ನೂ ಹೇಳಿದ. ಬಾಬ್ಜಿ, "ಸಾರ್, ಕರಾರಿನಲ್ಲಿ ಏನು ಬರೆದಿದೆ, ಸರಿಯಾಗಿ ಓದಿ" ಎಂದ.

"ಸಂಜೆ ಐದರೊಳಗೆ ಗಾಡಿ ಗೇಟಿನ ಒಳಗೆ ದಾಖಲಾಗಬೇಕು. ಗಾಡಿ ಕೆಟ್ಟರೆ ಬದಲಿ ಗಾಡಿ ಕಳಿಸಬಹುದು."

"ಗಾಡಿ ಅಂತ ಇದೆ. ಡಬ್ಬ ಅಂತ ಇದೆಯಾ?"

ಇರಲಿಲ್ಲ.

"ನಮ್ಮ ಬಾವಮೈದ ನಿಮಗೆ ಹತ್ತಿರದ ಅನಕಾಪಲ್ಲಿಯಲ್ಲಿದ್ದಾನೆ. ಅವನ ಖಾಲಿ ವ್ಯಾನು ಕಳಿಸ್ತೀನಿ. ನನಗೆ ದಂಡ ತಪ್ಪುತ್ತೆ, ನಿಮಗೆ ನಂಬರ್ ಸಿಗುತ್ತೆ. ಡಬ್ಬ ಆಮೇಲೆ ಯಾವಾಗಾದ್ರೂ ಬರ್ಲಿ."

ಪೃಥ್ವೀರಾಜನಿಗೆ ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಕೆಳಗೆ ಲೈನಿನಲ್ಲಿ ಸಿರಪ್ ಬಾಟಲಿಗಳು ಡಬ್ಬವಿಲ್ಲದೆ ಸಾಲಾಗಿ ನಿಂತಿದ್ದವು, ಅವುಗಳ ಪಕ್ಕ ನಲವತ್ತು ಜನ ಕೈ ಕಟ್ಟಿಕೊಂಡು ಕೂತಿದ್ದರು. ಅವರ ಮುಖ ನೆನಪಾಯಿತು. ಅಮ್ಮ ಗೋಡೆ ಹಿಡಿದು ಬಚ್ಚಲಿಗೆ ಹೋಗುವುದೂ ನೆನಪಾಯಿತು. ಗೆದ್ದದ್ದು ಅಮ್ಮನ ಮಂಡಿ. "ಕಳಿಸು" ಎಂದ.

ಊಟದ ಹೊತ್ತಿಗೆ ಗೋಡೌನಿನ ಮೇಲ್ವಿಚಾರಕಿ ತುಳಸಿ ಹುಡುಕಿಕೊಂಡು ಬಂದರು. ಅವರ ತೆಲುಗನ್ನು ಕನ್ನಡಕ್ಕಿಳಿಸಿದರೆ ಹೀಗಿತ್ತು: "ಪೃಥ್ವಿಗಾರು, ಇವತ್ತು ಸಂಜೆ ಗೋಡೌನಿನಲ್ಲಿರೋ ಸಾಮಾನು ಎಣಿಸ್ತಾರೆ. ಎಷ್ಟು ಕಮ್ಮಿ ಇದ್ರೆ ನನಗೆ ಅಷ್ಟು ಒಳ್ಳೆ ಮಾರ್ಕು. ನಿಮ್ಮ ಡಬ್ಬ ಇವತ್ತು ಬಂದ್ರೆ ನಾನು ಇಳಿಸಿಕೊಳ್ಳೋದಿಲ್ಲ, ಹೇಳಿದ್ದೀನಿ."

"ಒಂದು ಡಬ್ಬಾನೂ ಬರಲ್ಲ ಮೇಡಂ."

"ಗಾಡಿ ಬರ್ತಿದೆ ಅಂತ ಅನಿಲ್‌ಕುಮಾರ್ ಊರಿಗೆಲ್ಲ ಹೇಳ್ತಿದ್ದಾರಲ್ಲ?"

"ಗಾಡಿ ಬರುತ್ತೆ. ಡಬ್ಬ ಬರಲ್ಲ."

ತುಳಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಂಬಿಕೆ ಬರಲಿಲ್ಲ. ನಾಲ್ಕೂವರೆಗೆ ತಾವೂ ಗೇಟಿಗೆ ಬಂದು ನಿಂತರು.

ನಾಲ್ಕು ಮುಕ್ಕಾಲಿಗೆ ವ್ಯಾನು ಕಂಡಿತು. ಕಾಣುವ ಮೊದಲೇ ಅದರ ವಾಸನೆ ಬಂತು. ಬಾಬ್ಜಿಯ ಬಾವಮೈದ ಬಂದರಿನಿಂದ ಮೀನು ಸಾಗಿಸುವವನೆಂದು ಬಾಬ್ಜಿ ಹೇಳಿರಲಿಲ್ಲ. ಪೃಥ್ವೀರಾಜನೂ ಕೇಳಿರಲಿಲ್ಲ. ವ್ಯಾನಿನ ಹಿಂದೆ ಎರಡು ನಾಯಿಗಳು ಭಕ್ತಿಯಿಂದ ಓಡಿಬರುತ್ತಿದ್ದವು. ಗೇಟಿಗೆ ಹತ್ತು ಅಡಿ ಇರುವಾಗ ವ್ಯಾನು ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು.

"ತಳ್ಳಿ ಸಾರ್!" ಎಂದ ಡ್ರೈವರ್.

ಪೃಥ್ವೀರಾಜ ಹಿಂದಿನ ಬಾಗಿಲಿಗೆ ಭುಜ ಕೊಟ್ಟು ತಳ್ಳಿದ. ಬಾಗಿಲ ಸಂದಿಯಿಂದ ಹರಿದ ಮಂಜುಗಡ್ಡೆಯ ನೀರು ಅವನ ಇಸ್ತ್ರಿ ಅಂಗಿಯೊಳಗೆ ಇಳಿದು ಬೆನ್ನಗುಂಟ ಸಾಗಿತು. ನಾಯಿಗಳು ಈಗ ವ್ಯಾನನ್ನು ಬಿಟ್ಟು ಅವನನ್ನು ಮೂಸತೊಡಗಿದವು. ಕೊನೆಗೂ ವ್ಯಾನಿನ ಮೂತಿ ಗೇಟಿಗೆ ತಾಗಿತು.

ಸೆಕ್ಯೂರಿಟಿಯ ಕಾಮೇಶ್ವರ ರಿಜಿಸ್ಟರ್ ತೆರೆದು ಮೂಗು ಮುಚ್ಚಿಕೊಂಡ. ಅವನ ಏಜೆನ್ಸಿಗೂ ಕಂಪನಿಗೂ ಇನ್ನೊಂದು ಕರಾರು. ರಿಜಿಸ್ಟರಿನಲ್ಲಿ ಒಂದು ಕಾಲಂ ತಪ್ಪಿದರೆ ಅವನ ಒಂದು ದಿನದ ಕೂಲಿ ಖೋತಾ.

"ಇದು ಮೀನಿನ ಗಾಡಿ" ಎಂದ.

"ಬದಲಿ ಗಾಡಿ. ನಂಬರ್ ಬರ್ಕೊಳ್ಳಪ್ಪ, ಕೈ ಮುಗೀತೀನಿ."

"ವಾಸನೆ ಬರ್ತಿದೆ ಸಾರ್."

"ವಾಸನೆಗೆ ಕಾಲಂ ಇದೆಯಾ?"

ಕಾಮೇಶ್ವರ ರಿಜಿಸ್ಟರನ್ನು ಎಡದಿಂದ ಬಲಕ್ಕೆ ಬೆರಳಿಟ್ಟು ಓದಿದ. ಗಾಡಿ ನಂಬರ್, ಡ್ರೈವರ್ ಹೆಸರು, ಕಾಗದ, ಬೀಗ, ಸಮಯ. ವಾಸನೆಗೆ ಕಾಲಂ ಇರಲಿಲ್ಲ. ಒಳಗೆ ಏನಿದೆ ಎಂಬುದಕ್ಕೂ ಇರಲಿಲ್ಲ, ಅದು ಗೋಡೌನಿನವರ ಕೆಲಸ. ಅವನಿಗೆ ದೊಡ್ಡ ಭಾರ ಇಳಿದಂತಾಯಿತು. ನಾಲ್ಕು ಐವತ್ತೆಂಟು ಎಂದು ದುಂಡಗೆ ಬರೆದು ಗೇಟು ತೆಗೆದ.

ಒಳಗೆ ತುಳಸಿ ಬಾಗಿಲು ತೆಗೆಸಿ ನೋಡಿದರು. ಡ್ರೈವರ್ ಕೊಟ್ಟ ಸಾಮಾನಿನ ಕಾಗದವನ್ನೂ ನೋಡಿದರು. "ಖಾಲಿ ಡಬ್ಬ, ನಾಲ್ಕು ಸಾವಿರ ಅಂತ ಬರೆದಿದೆ. ಡಬ್ಬ ಎಲ್ಲಿ?"

"ಖಾಲಿ ಬಂದಿದೆಯಲ್ಲ ಮೇಡಂ. ಡಬ್ಬ ಹಿಂದೆ ಬರುತ್ತೆ."

ತುಳಸಿಗೆ ಅರ್ಥವಾಗಲು ಅರ್ಧ ನಿಮಿಷ ಬೇಕಾಯಿತು. ಆಮೇಲೆ ಅವರ ಮುಖ ಅರಳಿತು. ಗಾಡಿ ಬಂತು, ಸಾಮಾನು ಬರಲಿಲ್ಲ! ವರ್ಷವಿಡೀ ಎಲ್ಲರೂ ಹೀಗೇ ಕಳಿಸಬಾರದೇ ಎಂದು ಮನಸಾರೆ ಹೊಗಳಿ, 'ಸ್ವೀಕೃತಿ ಬಾಕಿ' ಎಂದು ಬರೆದು ಸಹಿ ಹಾಕಿದರು. ಬಾಬ್ಜಿಗೆ ದಂಡವಿಲ್ಲ, ಕಾಮೇಶ್ವರನ ಕಾಲಂ ಭರ್ತಿ, ತುಳಸಿಯ ಗೋಡೌನು ಬರಿದು, ಪೃಥ್ವೀರಾಜನ ತೊಂಬತ್ತೈದು ಪೂರ್ತಿ. ಎಲ್ಲರ ಲೆಕ್ಕವೂ ಸರಿಹೋಯಿತು. ಸಿರಪ್ ಬಾಟಲಿಗಳು ಮಾತ್ರ ಬತ್ತಲೆಯೇ ನಿಂತಿದ್ದವು, ಅವುಗಳ ಲೆಕ್ಕ ಯಾರ ಕಾಗದದಲ್ಲೂ ಇರಲಿಲ್ಲ.

ಐದೂವರೆಗೆ ಅನಿಲ್‌ಕುಮಾರ್ ಕರೆಸಿದರು. ಪೃಥ್ವೀರಾಜ ಒಳಗೆ ಬರುತ್ತಿದ್ದಂತೆ ಕಿಟಕಿ ತೆರೆದರು.

"ಕುಂದ್ರಬ್ಯಾಡ್ರಿ, ಕುರ್ಚಿ ವಾಸನಿ ಹಿಡೀತೈತಿ. ಅಭಿನಂದನೆ ಪೃಥ್ವಿ! ವಿಜಯವಾಡದಿಂದ ಮೇಲ್ ಬಂದೈತಿ." ಅವರು ಕನ್ನಡಕ ಏರಿಸಿ ಓದಿದರು. ಪೃಥ್ವೀರಾಜನದು ಹೊತ್ತಿಗೆ ಸರಿಯಾಗಿ ಸರಬರಾಜು ಆಗುತ್ತಿಲ್ಲವೆಂಬ ಕಾರಣಕ್ಕೆ ಸೃಷ್ಟಿಸಿದ್ದ ಹುದ್ದೆ. ತೊಂಬತ್ತೈದು ಮುಟ್ಟಿದ್ದರಿಂದ ಸಮಸ್ಯೆ ಬಗೆಹರಿದಿದೆ. ಆದ್ದರಿಂದ ಹುದ್ದೆಯನ್ನು ಇಂದಿನಿಂದ ಮುಕ್ತಾಯಗೊಳಿಸಲಾಗಿದೆ.

ಪೃಥ್ವೀರಾಜನಿಗೆ ಮೊದಲು ನಗು ಬಂತು. "ಕಾಯಂ ಮಾಡ್ತೀವಿ ಅಂದಿದ್ರಲ್ಲ ಸಾರ್?"

"ಪರಿಗಣಿಸ್ತೀವಿ ಅಂದಿದ್ವಿ. ಪರಿಗಣಿಸಿದ್ವಿ. ಆದ್ರ ಹುದ್ದೇನ ಇಲ್ಲ ಅಂದಮ್ಯಾಲ ಯಾವುದಕ್ಕ ಕಾಯಂ ಮಾಡೋದ್ರಿ?"

"ನಿಮಗೆ ಮೊದಲೇ ಗೊತ್ತಿತ್ತಾ?"

ಅನಿಲ್‌ಕುಮಾರ್ ಕೆಟ್ಟವರಲ್ಲ. ಅವರಿಗೂ ಸಂಕಟವಾಗಿತ್ತು. "ಈ ವರ್ಷ ಒಂದು ಹುದ್ದೆ ಕಮ್ಮಿ ಮಾಡಿದ್ರ ನನಗ ಬಡ್ತಿ ಅಂತ ನನ್ನ ಕಾಗದದಾಗ ಬರದೈತ್ರಿ. ಸಮಸ್ಯೆ ಇರೋ ತನಕ ನಿಮ್ಮ ಹುದ್ದೆ ಮುಟ್ಟೋ ಹಂಗಿರಲಿಲ್ಲ. ನಿಜ ಹೇಳ್ಲಾ? ತೊಂಬತ್ನಾಲ್ಕೇ ಇದ್ದಿದ್ರ ಇನ್ನೊಂದು ವರ್ಷ ನೀವು ಇಲ್ಲೇ ಇರ್ತಿದ್ರಿ."

ಅಷ್ಟರಲ್ಲಿ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಇಂದಿರಮ್ಮ.

"ಮಗಾ, ಹತ್ತನೇ ತಾರೀಖು ದಿನ ಕೊಟ್ಟವ್ಳೆ ಕಣೋ! ಮೊದ್ಲು ಬಲಗಾಲಂತೆ, ಆರು ವಾರ ಬಿಟ್ಟು ಎಡಗಾಲಂತೆ. ಏನೂ ಕಟ್ಟೋದ್ ಬ್ಯಾಡ, ಕಂಪನಿ ಕಾರ್ಡ್ ಒಂದು ತಂದ್ರೆ ಸಾಕು ಅಂದ್ಲು. ಮರೀಬ್ಯಾಡ, ಈಗ್ಲೇ ಇಸ್ಕೊಂಡು ಜೋಪಾನವಾಗಿ ಇಟ್ಕೋ."

"ಹೂಂ ಅಮ್ಮ" ಎಂದ ಪೃಥ್ವೀರಾಜ.

ಮೇಜಿನ ಆ ಕಡೆಯಿಂದ ಅನಿಲ್‌ಕುಮಾರ್, ಅವನ ಕೊರಳಲ್ಲಿ ನೇತಾಡುತ್ತಿದ್ದ ಗುರುತಿನ ಚೀಟಿಗಾಗಿ ಕೈ ಚಾಚಿದ್ದರು.