ಅಲ್ಮೆಂದ್ರೆಸ್‌ಗೆ ಒಂದು ನಿಮಿಷ ಮೌನ

ಆ ಶುಕ್ರವಾರ ಪತ್ರಿಕೆಯ ಲಾರಿ ಬರಲಿಲ್ಲ. ಇಷ್ಟೇ ಆದದ್ದು. ಉಳಿದದ್ದನ್ನೆಲ್ಲ ದಮಾರಿಸ್ ತಾನಾಗಿ ಮೈಮೇಲೆ ಎಳೆದುಕೊಂಡಳು.

ದಮಾರಿಸ್ ಚುರುಟಿನ ಕಾರ್ಖಾನೆಯ ಓದುಗಿತ್ತಿ. ಕೆಳಗೆ ನೂರಿಪ್ಪತ್ತು ಜನ ಮರದ ಮೇಜುಗಳ ಮುಂದೆ ಸಾಲಾಗಿ ಕೂತು ಹೊಗೆಸೊಪ್ಪು ಸುತ್ತುತ್ತಿದ್ದರೆ, ಇವಳು ಎತ್ತರದ ಕಟ್ಟೆಯ ಮೇಲೆ ಮೈಕಿನ ಮುಂದೆ ಕೂತು ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ ಓದಬೇಕು. ಕೈಗೆ ಕೆಲಸ, ಕಿವಿಗೆ ಕತೆ. ಮುತ್ತಜ್ಜಂದಿರ ಕಾಲದಿಂದ ಹೀಗೇ. ಓದಿದ್ದು ಹಿಡಿಸಿತೋ, ಸೊಪ್ಪು ಕತ್ತರಿಸುವ ಅಲಗಿನಿಂದ ಮೇಜನ್ನು ಟಕಟಕ ಕುಟ್ಟುತ್ತಾರೆ. ತಗಡಿನ ಮಾಡಿನ ಮೇಲೆ ಆಲಿಕಲ್ಲು ಸುರಿದಂತಿರುತ್ತದೆ. ಹಿಡಿಸಲಿಲ್ಲವೋ, ಅಲಗನ್ನು ನೆಲಕ್ಕೆ ಎಸೆಯುತ್ತಾರೆ. ಆ ಠಣ್ ಎಂಬ ಸದ್ದಿಗೆ ಹಿಂದಿನ ಓದುಗ ಎರಡು ದಿನ ಜ್ವರ ಬಂದು ಮಲಗಿದ್ದನಂತೆ.

ದಮಾರಿಸ್‌ಗೆ ಒಂದು ಗುಟ್ಟಿನ ಕಾಯಿಲೆಯಿತ್ತು. ಅವಳೂ ಒಂದು ಕಾದಂಬರಿ ಬರೆದಿದ್ದಳು. ‘ಸಮುದ್ರಕ್ಕೆ ಬೆನ್ನು ಹಾಕಿದವಳು’ ಎಂಬ ಎಂಬತ್ತು ಪುಟದ ಪುಟ್ಟ ಕಾದಂಬರಿ. ಅದನ್ನು ಮುಗಿಸಲು ಮೂರು ವರ್ಷ ಹಿಡಿದಿತ್ತು. ದಿನಕ್ಕೆ ಐನೂರು ಪದ ಎಂದು ಗುರಿ ಬರೆದ ಕಾಗದವನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿಕೊಂಡಿದ್ದಳೇನೋ ನಿಜ. ಆದರೆ ಕಾದಂಬರಿಯ ಗುಟ್ಟು ತಿಳಿಯದ ಪಕ್ಕದ ಮನೆಯ ನಿಲ್ದಾ, ಕಾರ್ಖಾನೆಯಲ್ಲಿ ಚುರುಟಿಗೆ ಉಂಗುರದ ಚೀಟಿ ಅಂಟಿಸುವವಳು, “ಬ್ಲಾಗ್ ಶುರು ಮಾಡೇ, ದಿನಾ ಬರಿ, ಇಲ್ಲಾಂದ್ರೆ ಜನ ಮರ್ತೇಬಿಡ್ತಾರೆ” ಎಂದು ತಲೆ ತಿಂದಿದ್ದಳು. ಹಾಗಾಗಿ ‘ಸೂರಿನ ಹಲ್ಲಿ’ ಎಂಬ ಬ್ಲಾಗ್ ಹುಟ್ಟಿತು. ಐನೂರು ಪದ ಯಾಕೆ ಬರೆಯಲಾಗಲಿಲ್ಲ ಎಂಬುದನ್ನು ದಮಾರಿಸ್ ದಿನವೂ ಅದರಲ್ಲಿ ಏಳುನೂರು ಪದಗಳಲ್ಲಿ ಬರೆಯುತ್ತಿದ್ದಳು.

ಬ್ಲಾಗಿಗೆ ಹನ್ನೊಂದು ಓದುಗರು, ಹನ್ನೊಂದೂ ಬಂಧುಬಳಗ. ಸತ್ತ ಬೆಕ್ಕಿನ ಬಗ್ಗೆ ಬರೆದರೂ ಕಮಗ್ವೇಯ್‌ನ ಚಿಕ್ಕಮ್ಮ ಒಂದೇ ನಿಮಿಷಕ್ಕೆ “ಸೂಪರ್ ಮಗಳೇ!” ಎಂದು ಗುಲಾಬಿ ಹೂ ಕಳಿಸುತ್ತಿದ್ದಳು. ಇನ್ನು ಕಾರ್ಖಾನೆಯವರು? ಹೋದ ವರ್ಷ ತನ್ನ ಹುಟ್ಟುಹಬ್ಬಕ್ಕೆ ತಾನೇ ಕಟ್ಟಿದ ಪದ್ಯವೊಂದನ್ನು ಓದಿದ್ದಳು. ಸಾಲು ಸಾಲು ಅಲಗುಗಳು ಕುಟ್ಟಿದವು. ಅದು ಪದ್ಯಕ್ಕಲ್ಲ, ಹುಟ್ಟುಹಬ್ಬಕ್ಕೆ ಎಂದು ದಮಾರಿಸ್‌ಗೆ ಅಂದೇ ಗೊತ್ತಾಗಿತ್ತು. ಎಲ್ಲರೂ ಮುದ್ದು ಮಾಡುವವರೇ. ಚೆನ್ನಾಗಿದೆಯೋ ಇಲ್ಲವೋ ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳುವವರಿಲ್ಲ.

ಆ ಶುಕ್ರವಾರ ಹೇಳುವವರು ಬೇಕೇ ಬೇಕಾಗಿತ್ತು. ಊರಿನ ಸಂಸ್ಕೃತಿ ಮನೆಯವರು ಮೂರು ವರ್ಷಕ್ಕೊಮ್ಮೆ ನಡೆಸುವ ಕಾದಂಬರಿ ಸ್ಪರ್ಧೆಗೆ ಅಂದು ಸಂಜೆ ಐದು ಗಂಟೆಯೇ ಕೊನೆ. ಗೆದ್ದರೆ ಪುಸ್ತಕ ಅಚ್ಚಾಗುತ್ತದೆ. ಮೂವತ್ತು ದಾಟಿದವರಿಗೆ ಪ್ರವೇಶವಿಲ್ಲ, ದಮಾರಿಸ್‌ಗೆ ಇಪ್ಪತ್ತೊಂಬತ್ತು. ಒಂದು ಸಾಲೂ ಹಿಂದೆ ಎಲ್ಲೂ ಪ್ರಕಟವಾಗಿರಬಾರದು ಎಂಬ ನಿಯಮಕ್ಕೆ ಹೆದರಿ ಬ್ಲಾಗಿಗೆ ಕಾದಂಬರಿಯ ಅಲ್ಪವಿರಾಮವನ್ನೂ ಹಾಕಿರಲಿಲ್ಲ. ಕೈಬರಹದ ಪ್ರತಿ ಚೀಲದಲ್ಲೇ ಇತ್ತು. ಕೊನೆಯ ಅಧ್ಯಾಯ ಮಾತ್ರ ಹಲ್ಲಿನ ಸಂದಿಯ ನಾರಿನಂತೆ ಕಾಡುತ್ತಿತ್ತು.

ಅಷ್ಟರಲ್ಲಿ ಪತ್ರಿಕೆ ಬರಲಿಲ್ಲವಲ್ಲ. ಹಳೆಯ ಕಾದಂಬರಿ ನಿನ್ನೆಯೇ ಮುಗಿದಿತ್ತು.

“ಏನಾದ್ರೂ ಓದಮ್ಮಾ! ಔಷಧಿ ಚೀಟಿ ಆದ್ರೂ ಓದು!” ಎಂದು ಮುಂದಿನ ಸಾಲಿನ ಎವೆಲಿಯೊ ಕೂಗಿದ. ಎವೆಲಿಯೊ ಸುತ್ತುವುದು ಚುರುಟನ್ನು ಮಾತ್ರವಲ್ಲ. ಅವನ ಮಾತು ನಂಬಿದರೆ, ಅವನು ನೋಡದ ಊರಿಲ್ಲ, ಓದದ ಪುಸ್ತಕವಿಲ್ಲ.

ಅಜ್ಜಿ ಕತೆ ಹೇಳುವಾಗ ಕೇಳುವವರ ಹುಬ್ಬುಗಳನ್ನೇ ನೋಡುತ್ತಿದ್ದುದು ದಮಾರಿಸ್‌ಗೆ ನೆನಪಾಯಿತು. ಮುಂದೆ ನೂರಿಪ್ಪತ್ತು ಜೊತೆ ಹುಬ್ಬುಗಳಿದ್ದವು. ಕೈ ತಾನಾಗಿಯೇ ಚೀಲಕ್ಕೆ ಹೋಯಿತು.

“ಇವತ್ತು ಹೊಸ ಪುಸ್ತಕ. ‘ಸಮುದ್ರಕ್ಕೆ ಬೆನ್ನು ಹಾಕಿದವಳು’.”

“ಯಾರು ಬರೆದಿದ್ದು?”

ಕಿಟಕಿಯಾಚೆ ಅಲ್ಮೆಂದ್ರ, ಅಂದರೆ ಕಾಡುಬಾದಾಮಿಯ ಮರವೊಂದು ಗಾಳಿಗೆ ಕಾಯಿ ಉದುರಿಸುತ್ತಿತ್ತು. “ಅ... ಅಲ್ಮೆಂದ್ರೆಸ್.”

“ಯಾವೂರವನು?”

“ಉರುಗ್ವೆ.”

“ಇದ್ದಾನಾ, ಹೋದನಾ?” ಎಂದಳು ನಿಲ್ದಾ.

ಇದ್ದಾನೆ ಎಂದರೆ ಕಾಗದ ಬರೆಯೋಣ ಎನ್ನುವ ಜನ ಇವರು. “ಹೋದ.”

“ಅಯ್ಯೋ! ಏನಾಗಿತ್ತು?”

“ಕುದುರೆಯಿಂದ ಬಿದ್ದ.”

“ಮದುವೆ ಆಗಿತ್ತಾ?”

“ಎರಡು.”

“ಎರಡೂ ಹೆಂಡ್ತೀರು ಒಂದೇ ಸಲಕ್ಕಾ?”

“ಒಬ್ಬರಾದ ಮೇಲೆ ಒಬ್ಬರು!” ದಮಾರಿಸ್ ಬೆವರಿದಳು. “ಮೊದಲನೆಯವಳೇ ಆ ಕುದುರೆ ಉಡುಗೊರೆ ಕೊಟ್ಟಿದ್ದು.”

ಸಾಲು ಸಾಲು ಹೆಂಗಸರು ಲೊಚಗುಟ್ಟಿದರು. ಯಾರೋ ಮೂಗು ಒರೆಸಿಕೊಂಡರು. ಎವೆಲಿಯೊ ಎದ್ದು ನಿಂತು ಟೋಪಿ ತೆಗೆದ. “ನಮ್ಮ ಚಿಕ್ಕಪ್ಪನ ಹತ್ರ ಇವನ ಪುಸ್ತಕ ಇತ್ತು. ಎಪ್ಪತ್ತೊಂದನೇ ಇಸವಿ. ನಾನು ಚಡ್ಡಿ ಹಾಕೋ ಕಾಲಕ್ಕೇ ಓದಿದ್ದೆ. ದೊಡ್ಡ ಮನುಷ್ಯ. ಅವನಿಗೊಂದು ನಿಮಿಷ ಮೌನ ಆಚರಿಸೋಣ.”

ನೂರಿಪ್ಪತ್ತು ಜನ ಎದ್ದು ನಿಂತರು. ಹುಟ್ಟದೇ ಸತ್ತ ಅಲ್ಮೆಂದ್ರೆಸ್‌ಗಾಗಿ ಕಾರ್ಖಾನೆ ಒಂದು ನಿಮಿಷ ಉಸಿರು ಬಿಗಿಹಿಡಿಯಿತು. ಹಸಿ ಸುಳ್ಳನ್ನು ಎವೆಲಿಯೊನಷ್ಟು ಗಂಭೀರವಾಗಿ ಯಾರೂ ಹೇಳಲಾರರು ಎಂದು ದಮಾರಿಸ್ ಒಳಗೊಳಗೇ ಬೆರಗಾದಳು. ಆಮೇಲೆ, ಅದನ್ನು ಆರಂಭಿಸಿದ್ದು ತಾನೇ ಎಂದು ನೆನಪಾಗಿ ಗಂಟಲು ಸರಿಮಾಡಿಕೊಂಡಳು.

ಮೊದಲ ಎರಡು ಅಧ್ಯಾಯ ತೇಲಿಕೊಂಡು ಹೋದವು. ಅಮಾಲ್ಯಾ ಎಂಬ ಹುಡುಗಿ, ಅವಳಿಗೆ ಮಾತು ಕೊಟ್ಟು ಹಡಗು ಹತ್ತಿ ಹೋದ ದೀಪಸ್ತಂಭದ ಕಾವಲುಗಾರ. ಅಲಗುಗಳು ಅಲ್ಲೊಂದು ಇಲ್ಲೊಂದು ಟಕ್ ಎಂದವು. ಮೂರನೆಯ ಅಧ್ಯಾಯದಲ್ಲಿ ಸೂರ್ಯ ಮುಳುಗತೊಡಗಿದ. ಹನ್ನೊಂದು ಪುಟ ಮುಳುಗುತ್ತಲೇ ಇರಬೇಕಿತ್ತು ಅವನು. ನಾಲ್ಕನೆಯ ಪುಟಕ್ಕೆ ಠಣ್! ಒಂದು ಅಲಗು ನೆಲಕ್ಕೆ ಬಿತ್ತು.

ದಮಾರಿಸ್ ಕಣ್ಣೆತ್ತಿದಳು. ಮೂರನೆಯ ಸಾಲಿನ ತೊಮಾಸಾ! ನಲವತ್ತೊಂದು ವರ್ಷ ಚುರುಟು ಸುತ್ತಿ, ಅಷ್ಟೇ ವರ್ಷ ಕಾದಂಬರಿ ಕೇಳಿ, ಕಿವಿಯಲ್ಲೇ ಒಂದು ಗ್ರಂಥಾಲಯ ಇಟ್ಟುಕೊಂಡಿದ್ದ ಹೆಂಗಸು. ಮುಖವೋ, ನಿಂಬೆಹಣ್ಣು ಕಚ್ಚಿ ಅದನ್ನು ಉಗಿಯಲು ಜಾಗ ಹುಡುಕುವವರ ಮುಖ. ಅವಳು ಮೇಜು ಕುಟ್ಟಿದ್ದನ್ನು ಹನ್ನೊಂದು ವರ್ಷದಿಂದ ಯಾರೂ ಕೇಳಿರಲಿಲ್ಲ.

“ಸೂರ್ಯನಿಗೆ ಸೊಂಟ ನೋವಾ?” ಎಂದಳು ತೊಮಾಸಾ. “ಕೂರಕ್ಕೆ ಇಷ್ಟು ಹೊತ್ತಾ?”

ಠಣ್, ಠಣ್, ಠಣ್. ಮಳೆಗಾಲದ ಮಾವಿನಕಾಯಿಯಂತೆ ಅಲಗುಗಳು ಉದುರಿದವು. ದಮಾರಿಸ್ ಏಳು ಪುಟ ಒಟ್ಟಿಗೆ ಮಗುಚಿ, “ಸೂರ್ಯ ಮುಳುಗಿದ. ಅಮಾಲ್ಯಾ ದೀಪ ಹಚ್ಚಿದಳು” ಎಂದುಬಿಟ್ಟಳು. ಟಕಟಕಟಕ! ಎದೆ ಚುರುಕ್ ಎಂದಿತು. ಮರುಗಳಿಗೆ ಅದೇ ಎದೆ ಗಾಳಿಪಟವಾಯಿತು. ಮೂರು ವರ್ಷ ಸಿಗದ ವಿಮರ್ಶೆ ಮೂರು ನಿಮಿಷಕ್ಕೆ ಸಿಕ್ಕಿತ್ತು! ಅಲ್ಲಿಂದ ಮುಂದೆ ಓದುತ್ತಲೇ ಪೆನ್ಸಿಲಿನಿಂದ ಹೊಡೆದುಹಾಕುತ್ತ, ಅಂಚಿನಲ್ಲಿ ಗೀಚುತ್ತ ಹೋದಳು. ಅಳುಬುರುಕ ಪಾದ್ರಿಯನ್ನು ತೆಗೆದಳು. ಕನಸಿನ ಅಧ್ಯಾಯವನ್ನು ಇಡಿಯಾಗಿ ನುಂಗಿದಳು. ಅಲ್ಮೆಂದ್ರೆಸ್ ಗಳಿಗೆ ಗಳಿಗೆಗೂ ಒಳ್ಳೆಯ ಲೇಖಕನಾಗುತ್ತಿದ್ದ.

ಊಟದ ಗಂಟೆ ಹೊಡೆಯಿತು. ಉಳಿದದ್ದು ಕೊನೆಯ ಅಧ್ಯಾಯ. ಅದರಲ್ಲಿ ಅಮಾಲ್ಯಾ ಕಡಲಿಗೆ ಹಾರುತ್ತಾಳೆ ಎಂಬುದು ದಮಾರಿಸ್ ಒಬ್ಬಳಿಗೇ ಗೊತ್ತು. ಅನ್ನ ಮತ್ತು ಕರಿಹುರುಳಿಯ ತಟ್ಟೆಗಳ ಸುತ್ತ ಮಾತೆಲ್ಲ ಅವಳ ಗತಿ ಏನಾದೀತು ಎಂಬುದೇ.

“ಸಾಯ್ತಾಳೆ ಬಿಡು. ಪುಸ್ತಕದ ಹೆಂಗಸರೆಲ್ಲ ಸಾಯೋರೇ” ಎಂದಳು ನಿಲ್ದಾ.

“ಸಾಯಲ್ಲ!” ಎವೆಲಿಯೊ ಚಮಚೆ ಎತ್ತಿದ. “ನಾನು ಓದಿದೀನಿ ಅಂದ್ನಲ್ಲ? ಆ ಕಾವಲುಗಾರ ವಾಪಸ್ ಬರ್ತಾನೆ. ಇವಳು ಒಂದು ಮಾತೂ ಆಡಲ್ಲ. ದೀಪದ ಎಣ್ಣೆ ಡಬ್ಬ ಅವನ ಕೈಗೆ ಕೊಟ್ಟು, ‘ಇನ್ನು ನೀನು ಕಾಯಿ’ ಅಂತ ಹೇಳಿ, ಅವನು ಬಂದ ದೋಣೀನೇ ಹತ್ತಿ ಹೊರಟುಬಿಡ್ತಾಳೆ.”

“ಒಂದು ಮಾತೂ ಆಡಲ್ಲ ಅಂದಿ, ಆಮೇಲೆ ‘ಇನ್ನು ನೀನು ಕಾಯಿ’ ಅಂತಾಳೆ ಅಂತೀಯ?”

“ಅದು ಮಾತಲ್ಲ ಮಾರಾಯ್ತಿ, ಏಟು!”

ದಮಾರಿಸ್‌ಳ ತುತ್ತು ಕೈಯಲ್ಲೇ ಉಳಿಯಿತು. ಹಲ್ಲಿನ ಸಂದಿಯ ನಾರು ಫಟ್ಟನೆ ಹೊರಬಂದಿತ್ತು. ಹೌದಲ್ಲ! ಮೂರು ವರ್ಷದಿಂದ ಅಮಾಲ್ಯಾ ಕಾಯುತ್ತಿದ್ದದ್ದು ಅವನನ್ನಲ್ಲ, ಆ ದೋಣಿಯನ್ನು! ದಮಾರಿಸ್ ತಟ್ಟೆ ಬಿಟ್ಟು ಓಡಿ, ಸೊಪ್ಪಿನ ಮೂಟೆಗಳ ಹಿಂದೆ ಕೂತು, ಗುರಿಯಿಲ್ಲ, ಪದಗಳ ಲೆಕ್ಕವಿಲ್ಲ, ಬರೆದಳು. ಅರ್ಧ ಗಂಟೆಯಲ್ಲಿ ಆರು ಪುಟ. ಜೀವಮಾನದಲ್ಲಿ ಹಾಗೆ ಬರೆದಿರಲಿಲ್ಲ.

ಊಟದ ನಂತರ ಅದನ್ನು ಓದಿದಾಗ ಕಾರ್ಖಾನೆಯಲ್ಲಿ ಕೈಗಳು ನಿಂತವು. ಅಮಾಲ್ಯಾ ಎಣ್ಣೆ ಡಬ್ಬ ಕೊಟ್ಟಳು. ದೋಣಿ ಹತ್ತಿದಳು. ಅವಳು ಕಣ್ಮರೆಯಾದ ಮೇಲೆ ದಡದಲ್ಲಿ ದೀಪವೊಂದು ಒಲ್ಲದ ಮನಸ್ಸಿನಿಂದ ಹೊತ್ತಿಕೊಂಡಿತು.

ದಮಾರಿಸ್ ಹಾಳೆ ಕೆಳಗಿಟ್ಟಳು. ಆಮೇಲೆ ಆಲಿಕಲ್ಲು! ಕಿಟಕಿಯ ಗಾಜು ನಡುಗಿತು, ಮಾಡಿನ ಪಾರಿವಾಳಗಳು ಹಾರಿದವು. ಎಲ್ಲಕ್ಕಿಂತ ಹೆಚ್ಚು ನಡುಗಿದವನು ಎವೆಲಿಯೊ. ತಾನು ಬಿಟ್ಟ ಬುರುಡೆ ನಿಜವಾದದ್ದನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಬಾಯಿ ತೆರೆದುಕೊಂಡು ನಿಂತವನು, ಎಲ್ಲರೂ ತನ್ನತ್ತ ತಿರುಗಿದಾಗ ಸಾವರಿಸಿಕೊಂಡು, “ಹೇಳ್ಲಿಲ್ವಾ? ಹೇಳ್ಲಿಲ್ವಾ ನಾನು?” ಎಂದು ಎದೆ ತಟ್ಟಿಕೊಂಡ. ಆ ಗದ್ದಲದ ಕೊನೆಗೆ, ಮೂರನೆಯ ಸಾಲಿನಿಂದ, ಒಂದೇ ಒಂದು ಸದ್ದು: ಟಕ್.

ತೊಮಾಸಾ ಕುಟ್ಟಿದ್ದಳು!

ನಾಲ್ಕು ಗಂಟೆಗೆ ಕೆಲಸ ಬಿಟ್ಟಾಗ ದಮಾರಿಸ್‌ಳ ಕಾಲು ನೆಲದ ಮೇಲಿರಲಿಲ್ಲ. ಆದರೆ ನೆಲಕ್ಕೆಳೆಯುವವರು ಬಾಗಿಲಲ್ಲೇ ಇದ್ದರು. ಅಲ್ಮೆಂದ್ರೆಸ್‌ನ ಫೋಟೊ ಸಿಗುತ್ತದೆಯೇ, ಗೋಡೆಗೆ ಹಾಕೋಣ ಎಂದು ನಿಲ್ದಾ. ಎರಡನೆಯ ಹೆಂಡತಿ ಇನ್ನೂ ಇದ್ದಾಳೆಯೇ ಎಂದು ಪ್ಯಾಕಿಂಗಿನ ವಿಧುರನೊಬ್ಬ. ಕುದುರೆಯ ಬಣ್ಣ ಯಾವುದು ಎಂದು ಇನ್ನೊಬ್ಬಳು. “ಕಂದು! ಇದ್ದಾಳೆ! ಇಲ್ಲ! ಬಿಡಿ ನನ್ನ!” ಎಂದು ಕಿರುಚಿ ಬಿಡಿಸಿಕೊಂಡು ಓಡಿ ಸಂಸ್ಕೃತಿ ಮನೆಯ ಮೆಟ್ಟಿಲು ಹತ್ತುವಾಗ ಗಂಟೆ ಐದಕ್ಕೆ ನಾಲ್ಕೇ ನಿಮಿಷ.

ಹಸಿರು ಬಟ್ಟೆ ಹೊದಿಸಿದ ಮೇಜು. ‘ಈ ವರ್ಷದಿಂದ ತೀರ್ಪುಗಾರರಲ್ಲಿ ಒಬ್ಬರು ಕೇಳುಗರ ಪರವಾಗಿ’ ಎಂಬ ಫಲಕ. ಅದರ ಹಿಂದೆ ಕನ್ನಡಕ ಏರಿಸಿ ಕೂತಿದ್ದವಳು ತೊಮಾಸಾ.

“ಕೊಡು ಮಗಳೇ” ಎಂದಳು. ಕಾರ್ಖಾನೆಯ ಹೊರಗೆ ಅವಳ ದನಿ ಮೆತ್ತಗಿತ್ತು. “ನೀನು ಕಾದಂಬರೀನೂ ಬರೀತೀಯ ಅಂತ ಗೊತ್ತಿರಲಿಲ್ಲ.”

ಮೊದಲ ಪುಟ ನೋಡಿದಳು. ಕೊನೆಯ ಪುಟ ನೋಡಿದಳು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ನಿಂಬೆಹಣ್ಣು ನಿಧಾನವಾಗಿ ಬಾಯಿಗೆ ವಾಪಸು ಬಂತು.

“ಬೆಳಿಗ್ಗೆ ತಾನೇ ಎದ್ದು ನಿಂತು ಗೌರವ ಕೊಟ್ವಿ. ಸಂಜೆಗೆ ಕದಿಯೋದಾ?”

“ಇಲ್ಲ ತೊಮಾಸಮ್ಮ! ಇದು ನಂದೇ. ಅಲ್ಮೆಂದ್ರೆಸ್ ಅಂತ ಯಾರೂ ಇಲ್ಲ. ನಾನೇ ಹುಟ್ಟಿಸಿದ್ದು.”

“ಕುದುರೆ?”

“ಕುದುರೇನೂ ಇಲ್ಲ.”

“ಎವೆಲಿಯೊ ಊಟದ ಹೊತ್ತಿಗೇ ಕೊನೆ ಹೇಳಿದ್ದ. ನೀನು ಬರೆದಿದ್ರೆ, ನೀನು ಓದೋ ಮುಂಚೆ ಅವನಿಗೆ ಹೇಗೆ ಗೊತ್ತು?”

“ಅವನು ಹೇಳಿದ್ದು ಕೇಳಿ ನಾನು ಬರೆದೆ!”

“ಹಾಗಾದ್ರೂ ನಿಂದಲ್ಲ ಅಂತಾಯ್ತು” ಎಂದಳು ತೊಮಾಸಾ ತಣ್ಣಗೆ.

“ನನ್ನ ಕೈಬರಹ ನೋಡಿ!”

“ನೀನು ನಕಲು ಮಾಡಿದ್ರೆ ನಿನ್ನ ಕೈಬರಹವೇ ಇರುತ್ತೆ, ಉರುಗ್ವೆಯವನದ್ದು ಇರುತ್ತಾ?”

ದಮಾರಿಸ್‌ಗೆ ಫಕ್ಕನೆ ಹೊಳೆಯಿತು. ಫೋನು ತೆಗೆದು ಮೇಜಿನ ಮೇಲಿಟ್ಟಳು. “ನನ್ನ ಬ್ಲಾಗ್! ‘ಸೂರಿನ ಹಲ್ಲಿ’. ಕಾದಂಬರಿ ಬರೀತಿದೀನಿ ಅಂತ ದಿನಾ ಹಾಕಿದೀನಿ. ತಾರೀಖು ಸಮೇತ ಇದೆ, ಓದಿ.”

ತೊಮಾಸಾ ಬೆರಳು ಒದ್ದೆ ಮಾಡಿಕೊಂಡು ಪರದೆ ಸರಿಸಿದಳು, ಪುಸ್ತಕದ ಹಾಳೆಯೆಂಬಂತೆ. ಓದುಗಿತ್ತಿಗೇ ಜೋರಾಗಿ ಓದಿ ಹೇಳಿದಳು: “‘ಇಂದೂ ಒಂದು ಸಾಲು ಹೊಳೆಯಲಿಲ್ಲ.’ ಮಾರ್ಚ್ ಎರಡು. ‘ಇಂದು ಕೂಡ ಇಲ್ಲ.’ ಮಾರ್ಚ್ ಮೂರು. ‘ನನಗೆ ಬರೆಯಲು ಬರುವುದಿಲ್ಲವೇನೋ.’ ಏಪ್ರಿಲ್ ಪೂರ್ತಿ.” ತಲೆಯೆತ್ತಿದಳು. “ನೀನೇ ಬರ್ಕೊಂಡಿದೀಯಲ್ಲ ತಾಯಿ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?”

ಗೋಡೆ ಗಡಿಯಾರ ಐದು ಹೊಡೆಯಿತು. ತೊಮಾಸಾ ಸ್ಪರ್ಧಿಗಳ ಹೆಸರು ಬರೆಯುವ ದಪ್ಪ ಪುಸ್ತಕ ಮುಚ್ಚಿ, ಹಾಳೆಗಳನ್ನು ಜೋಡಿಸಿ, ಅಂಚು ನೇರ ಮಾಡಿ ದಮಾರಿಸ್‌ಳ ಕೈಗೆ ವಾಪಸಿಟ್ಟಳು.

“ಯಾರಿಗೂ ಹೇಳಲ್ಲ, ಹೋಗು. ನೀನು ಕೆಟ್ಟವಳಲ್ಲ, ಆಸೆ ಜಾಸ್ತಿ. ನಿಂದೇ ಅಂತ ಏನಾದ್ರೂ ಬರಿ, ತಿದ್ದಿಕೊಡ್ತೀನಿ.” ಹಾಗೇ ಸೇರಿಸಿದಳು: “ಮತ್ತೆ ನೋಡು, ಸೋಮವಾರಕ್ಕೆ ಅವನದೇ ಇನ್ನೊಂದು ಪುಸ್ತಕ ತಗೊಂಬಾ. ಎಲ್ಲರೂ ಕೈ ಎತ್ತಿ ಒಪ್ಪಿ ಆಗಿದೆ.”

ಪಾರ್ಕಿನ ಬೆಂಚಿನ ಮೇಲೆ, ಅಂತರ್ಜಾಲ ಚೆನ್ನಾಗಿ ಸಿಗುವ ಒಂದೇ ಒಂದು ಮರದ ಕೆಳಗೆ, ದಮಾರಿಸ್ ಬಹಳ ಹೊತ್ತು ಕೂತಿದ್ದಳು. ಎದುರಿಗೆ ಸೂರ್ಯ ತನ್ನ ಪಾಡಿಗೆ ಬೇಗ ಮುಳುಗಿದ. ಏನೇ ಆದರೂ ಅಂದಿನ ಬ್ಲಾಗ್ ಬಾಕಿಯಿತ್ತು. ತಡೆದಿದ್ದ ಕಣ್ಣೀರನ್ನೆಲ್ಲ ಸುರಿದು ಬರೆದಳು: ‘ಇಂದು ನನ್ನ ಕಾದಂಬರಿಯನ್ನು ಸತ್ತವನೊಬ್ಬ ಕದ್ದುಕೊಂಡು ಹೋದ.’ ಅಲ್ಲಿಂದ ಹಿಡಿದು ಒಂಬೈನೂರು ಪದ. ಪ್ರಕಟಿಸು ಎಂಬುದನ್ನು ಒತ್ತಿದಳು.

ಒಂದು ನಿಮಿಷವಾಗಿರಲಿಲ್ಲ. ಕಮಗ್ವೇಯ್‌ನಿಂದ ಗುಲಾಬಿ ಬಂತು: “ಸೂಪರ್ ಮಗಳೇ!”

ಆಮೇಲೆ ಫೋನು ಇನ್ನೊಮ್ಮೆ ಗುಯ್ಗುಟ್ಟಿತು. ಬ್ಲಾಗಿಗೆ ಹನ್ನೆರಡನೆಯ ಓದುಗರು ಸೇರಿದ್ದರು. ಬಂಧುವಲ್ಲ, ಬಳಗವಲ್ಲ. ದಮಾರಿಸ್ ಟಿಪ್ಪಣಿ ತೆರೆದಳು.

“ಉದ್ದ ಜಾಸ್ತಿ. ಅಲ್ಮೆಂದ್ರೆಸ್ ಆಗಿದ್ರೆ ಇದನ್ನೇ ಎರಡು ಸಾಲಲ್ಲಿ ಹೇಳಿ ಮುಗಿಸ್ತಿದ್ದ. ಇಂತಿ, ತೊಮಾಸಾ.”