ಕಾಲು ದೊಡ್ಡದೋ, ಅರ್ಧ ದೊಡ್ಡದೋ

ಸಿದ್ದಲಿಂಗ ಮಾಸ್ತರರಿಗೆ ಆ ದಿನದ ಆಪತ್ತು ಬಂದದ್ದು ಒಂದು ತಕ್ಕಡಿಯಿಂದ. ಅದನ್ನು ಅವರೇ ಮನೆಯಿಂದ ಹೊತ್ತು ತಂದಿದ್ದರು, ಜೊತೆಗೆ ಒಂದು ಚೀಲ ಒಣದ್ರಾಕ್ಷಿ.

ಏಳನೆಯ ತರಗತಿಯ ಕೋಮಲಳ ತಲೆಗೆ ಭಿನ್ನರಾಶಿ ಹೋಗುತ್ತಿರಲಿಲ್ಲ. ನಾಲ್ಕು ಎರಡಕ್ಕಿಂತ ದೊಡ್ಡದು, ಆದ್ದರಿಂದ ಕಾಲು ಅರ್ಧಕ್ಕಿಂತ ದೊಡ್ಡದು ಎಂದು ಹುಡುಗಿ ಹಟ ಹಿಡಿದಿದ್ದಳು. ಮರುದಿನ ಶಾಲೆಗೆ ಬರಲಿದ್ದ ಇನ್‌ಸ್ಪೆಕ್ಟರ್ ಸಾಹೇಬರ ತಪಾಸಣೆಯಲ್ಲೂ ಅವಳು ಉತ್ತರ ಹೇಳದಿದ್ದರೆ ಶಾಲೆ ಬಿಡಿಸುವುದಾಗಿ ಅಪ್ಪ ಮುರಗೆಪ್ಪ ಹಿಂದಿನ ದಿನ ಹೇಳಿ ಹೋಗಿದ್ದ. ಅಕ್ಕಂದಿರಿಬ್ಬರನ್ನೂ ಹೀಗೇ ಬಿಡಿಸಿದ್ದ ಗಂಡಸು ಅವನು. ಮಾಸ್ತರರಿಗೆ ಊಟ ಸೇರಲಿಲ್ಲ.

ಹಲಗೆ ಬಿಟ್ಟು ತಕ್ಕಡಿ ಹಿಡಿದರೆ ತಿಳಿದೀತು ಎಂದುಕೊಂಡರು. ಆದರೆ ಅವರು ತೂಕದ ಕಲ್ಲು ಜೋಡಿಸುವಷ್ಟರಲ್ಲಿ ತರಗತಿ ದ್ರಾಕ್ಷಿ ಮುಗಿಸಿ ಬಾಯಿ ಒರೆಸಿಕೊಂಡಿತ್ತು. ಹೆಡ್‌ಮಾಸ್ತರ ಆಬಾಸಾಹೇಬರು ಬಾಗಿಲಲ್ಲಿ ನಿಂತು, ಇದು ಶಾಲೆಯೋ ಅಥಣಿಯ ಸಂತೆಯೋ ಎಂದು ಕೇಳಿದರು. ಬಿಸಿಯೂಟದ ಜನಾಬಾಯಿಗೆ ಮಾತ್ರ ಕರುಣೆ ಬಂದು, ಸೆರಗಿನಲ್ಲಿ ತೊಗರಿಬೇಳೆ ತಂದು ಸುರಿದಳು. ಸಾರು ನೀರಾದರೆ ತನ್ನನ್ನು ಕೇಳಬೇಡಿ ಎಂದೂ ಹೇಳಿದಳು.

ಕೋಮಲ ಕಾಲು ಕಿಲೋ ಒಂದು ಗುಡ್ಡೆ, ಅರ್ಧ ಕಿಲೋ ಒಂದು ಗುಡ್ಡೆ ತೂಗಿ ಹಾಕಿ ಬಹಳ ಹೊತ್ತು ನೋಡಿದಳು.

"ಸರ್, ಹಲಗಿ ಮ್ಯಾಲಿನ ಕಾಲು ಅಂದ್ರ ನಮ್ಮ ಪಾವ್ ಕಿಲೋನ ಏನ್ರಿ? ಮೊದಲ ಹೇಳಬಾರದಾಗಿತ್ತೇನ್ರಿ?"

ಮಧ್ಯಾಹ್ನ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಕೋಮಲ ಕಾಲು, ಅರ್ಧ, ಮುಕ್ಕಾಲು ಎಲ್ಲವನ್ನೂ ತೂಗಿ ತೋರಿಸಿದಳು. ಸಾಹೇಬರೇ ತಪ್ಪು ಕಲ್ಲು ಇಟ್ಟಾಗ ತೆಗೆದು ಸರಿಯಾದದ್ದನ್ನು ಇಟ್ಟಳು. ಕಿಟಕಿಯಲ್ಲಿ ಇಣುಕುತ್ತಿದ್ದ ಮುರಗೆಪ್ಪನ ಮುಖ ಅರಳಿತು. ಹುಡುಗಿ ಶಾಲೆಯಲ್ಲಿ ಉಳಿದಳು ಎಂದು ಮಾಸ್ತರರ ಕಣ್ಣು ತುಂಬಿ ಬಂತು.

ಶಾಲೆ ಬಿಟ್ಟ ಮೇಲೆ ಮುರಗೆಪ್ಪ ಅವರ ಎರಡೂ ಕೈ ಹಿಡಿದುಕೊಂಡ.

"ಭಾಳ ಉಪಕಾರ ಆತ್ರಿ ಮಾಸ್ತರ. ನಾಳಿಂದ ಕೋಮಲ ಒಣದ್ರಾಕ್ಷಿ ಶೆಡ್ಡಿನ್ಯಾಗ ತೂಕಕ್ಕ ನಿಲ್ತಾಳ್ರಿ. ಮಾಲಕರಿಗೆ ಆಗಲೇ ಹೇಳಿ ಬಂದೀನಿ."

"ಲೆಕ್ಕ ಬರಲಿಲ್ಲಂದ್ರ ಸಾಲಿ ಬಿಡಸ್ತೀನಿ ಅಂದಿದ್ದಿ, ಮುರಗೆಪ್ಪ."

"ಹೌದ್ರಿ. ಬಂದ ಮ್ಯಾಲ ಇನ್ನೇನ್ ಕಲಿಯೋದೈತ್ರಿ?"

ಕೋಮಲ ಪಾಟಿಚೀಲ ತಬ್ಬಿಕೊಂಡು, ತಿರುತಿರುಗಿ ನೋಡುತ್ತ ಅಪ್ಪನ ಹಿಂದೆ ನಡೆದಳು. ಮಾಸ್ತರರು ತಕ್ಕಡಿ ಎತ್ತಿಕೊಂಡು ಗೇಟಿಗೆ ಬಂದರೆ ಅಲ್ಲಿ ಶಿವಗಂಗವ್ವ ಆರನೆಯ ತರಗತಿಯ ಮಗಳ ಕೈ ಹಿಡಿದು ಕಾದಿದ್ದಳು.

"ನಮ್ಮ ಉಜ್ವಲಾಗೂ ಅಷ್ಟು ತಕ್ಕಡಿ ಕಲಿಸ್ರಿ ಸರ್. ಶೆಡ್ಡಿನ್ಯಾಗ ಇನ್ನೊಬ್ಬಾಕಿ ಬೇಕಂತ."