ಆನ್‌ಲೈನ್ ಕ್ಲಾಸಿಗೆ ಮನೆಮನೆ ಹೇಳಿಕೆ

ದಿನಕರ ಮಾಸ್ತರರಿಗೆ ಈ ಭೂಮಂಡಲದಲ್ಲಿ ಎರಡು ವಸ್ತುಗಳ ಭಯ. ಒಂದು, ಇಲಾಖೆಯ ಸುತ್ತೋಲೆ. ಇನ್ನೊಂದು, ಆ ಸುತ್ತೋಲೆಯನ್ನು ಓದಿ ಹೇಳಿದಾಗ ಹೆಂಡತಿ ಮಾಲತಿ ಕೇಳುವ ಪ್ರಶ್ನೆ. ಸುತ್ತೋಲೆಗೆ ಉತ್ತರ ಬರೆದು ಕಳಿಸಿದರೆ ಅದು ಸುಮ್ಮನಾಗುತ್ತದೆ. ಮಾಲತಿಗೆ ಉತ್ತರ ಕೊಟ್ಟರೆ ಅದರ ಹೊಟ್ಟೆಯಿಂದ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ.

ಮಾಸ್ತರರು ಭಟ್ಕಳದ ಹೆಬಳೆಯ ಆಚೆ ಒಂದು ಸಣ್ಣ ಕೇರಿಯ ಪ್ರಾಥಮಿಕ ಶಾಲೆಯ ಏಕಮೇವಾದ್ವಿತೀಯ ಶಿಕ್ಷಕರು. ಮುಖ್ಯೋಪಾಧ್ಯಾಯರೂ ಅವರೇ, ಗಂಟೆ ಹೊಡೆಯುವವರೂ ಅವರೇ. ಹೋದ ವರ್ಷದವರೆಗೆ ಒಬ್ಬಳು ಅತಿಥಿ ಶಿಕ್ಷಕಿ ಇದ್ದಳು. ಈ ವರ್ಷ ಅನುದಾನಕ್ಕೆ ಕತ್ತರಿ ಬಿದ್ದು ಅತಿಥಿ ತನ್ನ ಮನೆಗೆ ಹೋದಳು. ಒಡೆದ ಹೆಂಚು ಬದಲಿಸುವ ದುಡ್ಡಿಗೂ ಕತ್ತರಿ, ಸೀಮೆಸುಣ್ಣಕ್ಕೂ ಕತ್ತರಿ. ಅಷ್ಟೊಂದು ಕತ್ತರಿಗಳನ್ನು ಕೊಳ್ಳಲು ಇಲಾಖೆಗೆ ಹಣ ಎಲ್ಲಿಂದ ಬಂತು ಎನ್ನುವುದು ಮಾತ್ರ ಮಾಸ್ತರರಿಗೆ ಇಂದಿಗೂ ತಿಳಿದಿಲ್ಲ.

ಹೀಗಿರುವಾಗ ಜೂನ್ ತಿಂಗಳಲ್ಲಿ ಹೊಸ ಸುತ್ತೋಲೆ ಬಂತು. ಮಳೆಯ ಕಾರಣ ರಜೆ ಘೋಷಿಸಿದ ದಿನಗಳಲ್ಲಿ (ಕರಾವಳಿಯಲ್ಲಿ ರಜೆ ಘೋಷಿಸಿದೊಡನೆ ಸುಡುಬಿಸಿಲು ಬರುವುದು ವಾಡಿಕೆ, ಆ ಮಾತು ಬೇರೆ) ಇನ್ನು ಮುಂದೆ ಪಾಠಗಳು ಫೋನಿನಲ್ಲೇ ನಡೆಯತಕ್ಕದ್ದು. ಮುಂದಿನ ಮಳೆರಜೆಯ ದಿನವೇ ಪಾಲಕರ ಆನ್‌ಲೈನ್ ಸಭೆ ನಡೆಸತಕ್ಕದ್ದು. ಸಾಹೇಬರು ಖುದ್ದಾಗಿ ಪರದೆಯ ಮೇಲೆ ಹಾಜರಿರುತ್ತಾರೆ. ಅರ್ಧಕ್ಕಿಂತ ಕಡಿಮೆ ಮನೆಗಳು ಕಾಣಿಸಿದರೆ ಆ ಶಾಲೆಯನ್ನು ಪಕ್ಕದ ಶಾಲೆಗೆ ಸೇರಿಸಿ, ಶಿಕ್ಷಕರನ್ನು ಘಟ್ಟದ ಮೇಲಕ್ಕೆ ವರ್ಗ ಮಾಡಲಾಗುವುದು.

“ಘಟ್ಟದ ಮೇಲಾ?” ಮಾಲತಿಯ ಕೈಯಲ್ಲಿದ್ದ ಮಲ್ಲಿಗೆಯ ಮೊಗ್ಗು ಕೆಳಗೆ ಬಿತ್ತು. “ನನ್ನ ಗಿಡ ಎಲ್ಲ ಎಂತ ಮಾಡುದು?”

ಅಂಗಳದ ತುಂಬ ಭಟ್ಕಳ ಮಲ್ಲಿಗೆ ಬೆಳೆಸಿ, ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು ಮಾಲೆ ಕಟ್ಟಿ ಪೇಟೆಗೆ ಕಳಿಸುವವಳು ಅವಳು. ಗಂಡನ ಪಗಾರಕ್ಕಿಂತ ತನ್ನ ಗಿಡದ ಮೇಲೆ ಅವಳಿಗೆ ಹೆಚ್ಚು ನಂಬಿಕೆ. ಮಾಸ್ತರರಿಗಾದರೂ ಈ ಕೇರಿಯನ್ನು ಬಿಟ್ಟು ಹೋಗುವುದೆಂದರೆ ಕರುಳು ಕಿತ್ತು ಬರುತ್ತಿತ್ತು. ಆದರೆ ಹೆಂಡತಿಯ ಮುಂದೆ ಅದನ್ನು ತೋರಿಸುವ ಗಂಡಸು ಅವರಲ್ಲ.

“ಹೆದರಬೇಡ. ಇದು ತಂತ್ರಜ್ಞಾನದ ಯುಗ. ಕೂತಲ್ಲೇ ಕೂತು ಒಂದು ಬೆರಳಲ್ಲಿ ಇಡೀ ಕೇರಿ ಸೇರಿಸ್ತೆ, ನೋಡ್ತಾ ಇರು” ಎಂದು ಅವರು ಬೆರಳನ್ನು ಸುದರ್ಶನ ಚಕ್ರ ಹಿಡಿದವರ ಹಾಗೆ ಎತ್ತಿ ತೋರಿಸಿದರು.

ಆ ಬೆರಳಿನಿಂದಲೇ ವಾಟ್ಸಾಪ್ ಗುಂಪು ಸೃಷ್ಟಿಯಾಯಿತು. ‘ಮಾನ್ಯ ಪಾಲಕರೇ, ತಾವೆಲ್ಲರೂ ಕೆಳಗಿನ ಲಿಂಕ್ ಒತ್ತಿ ಸಭೆಯನ್ನು ಅಲಂಕರಿಸಬೇಕಾಗಿ ವಿನಂತಿ’ ಎಂಬ ಸಂದೇಶ ಹೋಯಿತು. ಎಲ್ಲರೂ ಓದಿದರು. ಒಬ್ಬರೂ ಉತ್ತರಿಸಲಿಲ್ಲ. ಜಟ್ಟ ನಾಯ್ಕ ಒಬ್ಬ ಮಾತ್ರ ಗುಲಾಬಿ ಹೂವಿನ ಚಿತ್ರದ ಮೇಲೆ ‘ಶುಭೋದಯ’ ಎಂದು ಸಂಜೆ ಹೊತ್ತಿಗೆ ಕಳಿಸಿದ. ಮರುದಿನ ಅಭ್ಯಾಸಕ್ಕೆಂದು ಸಭೆ ಕರೆದರೆ ಪರದೆಯ ಮೇಲೆ ಮಾಸ್ತರರು ಒಬ್ಬರೇ ತಮ್ಮ ಮುಖವನ್ನು ತಾವೇ ನೋಡುತ್ತ ಕುಳಿತರು. ಮದುವೆಯಾದ ಮೇಲೆ ಅಷ್ಟು ಹೊತ್ತು ಆ ಮುಖವನ್ನು ಯಾರೂ ನೋಡಿರಲಿಲ್ಲ.

ಸಿಟ್ಟಿನಿಂದ ಹೊರಟವರಿಗೆ ದಾರಿಯಲ್ಲಿ ಬಂಗಾರಿ ಸಿಕ್ಕಳು. ಎರಡನೇ ತರಗತಿಯ ಬೊಮ್ಮನ ಅಜ್ಜಿ ಅವಳು. ಕೇರಿಯ ಮದುವೆ ಮುಂಜಿಗಳಲ್ಲಿ ಅವಳ ಮಾತೇ ಕಡೆಯ ಮಾತು.

“ಎಂತ ಬಂಗಾರಿ, ಮೆಸೇಜ್ ಓದಿದ್ರೂ ನಿಮ್ಮನೇರು ಬರ್ಲಿಲ್ವಲ್ಲ?”

“ಓದಿದ್ರು ಮಾಸ್ತರೇ. ಆದ್ರೆ ನೀವು ಹೇಳುಕೆ ಬರ್ಲಿಲ್ಲ ಅಲ್ದಾ? ಹೇಳಿಕೆ ಇಲ್ದೆ ಹ್ಯಾಂಗೆ ಬರುದು?”

ಹೇಳಿಕೆ ಎಂದರೆ ಮಂತ್ರಿಗಳು ಪತ್ರಿಕೆಯವರಿಗೆ ಕೊಡುವಂಥದ್ದಲ್ಲ. ಗಂಡಹೆಂಡತಿ ಇಬ್ಬರೂ ಮನೆಯ ಮೆಟ್ಟಿಲು ಹತ್ತಿ, ಕುಂಕುಮ ಕೊಟ್ಟು, ‘ನಮ್ಮಲ್ಲಿ ಇಂಥ ದಿನ ಇಂಥ ಕಾರ್ಯ, ಮನೆಮಂದಿಯೆಲ್ಲ ಬರಬೇಕು’ ಎಂದು ಬಾಯಿ ತುಂಬ ಕರೆಯುವುದು. ಫೋನಿನಲ್ಲಿ ಕರೆದರೆ ಸ್ವಂತ ಅಣ್ಣನ ಮಗಳ ಮದುವೆಗೂ ಈ ಕಡೆಯವರು ಹೋಗುವುದಿಲ್ಲ. ಹೋದರೂ ಊಟ ಮಾಡುವುದಿಲ್ಲ. ಊಟ ಮಾಡಿದರೂ ಆಡಿಕೊಳ್ಳದೆ ಬಿಡುವುದಿಲ್ಲ.

“ಫೋನೊಳಗೆ ಬರುದಕ್ಕೆ ಮನೆಗೆ ಬಂದು ಕರೀಬೇಕಾ?” ಮಾಸ್ತರರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಎಲ್ಲಿಗೆ ಕರೆದ್ರೂ ಕರೆಯುದು ಕರೆಯುದೇ. ನಾವೆಂತ ಕರೀದಿದ್ದಲ್ಲಿಗೆ ನುಗ್ಗು ಜನ್ವಾ?” ಎಂದು ಬಂಗಾರಿ ಸೊಪ್ಪಿನ ಹೊರೆ ಸರಿಮಾಡಿಕೊಂಡು ಹೊರಟೇ ಹೋದಳು.

ಮಾಸ್ತರರು ಮನೆಗೆ ಬಂದು ಹೇಳಿದರೆ ಮಾಲತಿ ಗಂಡನ ಪಕ್ಷ ವಹಿಸುವ ಬದಲು ಪೆಟ್ಟಿಗೆ ತೆಗೆದು ಸೀರೆ ಆರಿಸತೊಡಗಿದಳು.

“ಅವಳು ಹೇಳಿದ್ದು ಸರಿಯಾಗೇ ಅದೆ. ಒಂದು ಬೆರಳಲ್ಲಿ ಕೇರಿ ಸೇರಿಸುಕೆ ಹೋದ್ರೆ ಕೇರಿ ಅದೇ ಬೆರಳು ತೋರಿಸ್ತದೆ. ಏಳಿ, ಹೇಳಿಕೆಗೆ ಹೋಗುವ.”

“ದೂರಶಿಕ್ಷಣಕ್ಕೆ ಮನೆಬಾಗಿಲಿಗೆ ಹೋಗಿ ಕರೆದ್ರೆ ಅದು ದೂರ ಹ್ಯಾಂಗಾತದೆ ಮಾರಾಯ್ತಿ?”

“ಘಟ್ಟದ ಮೇಲೆ ಹೋದ್ರೆ ಸಮಾ ದೂರ ಆತದೆ. ಅಂಗಿ ಹಾಕ್ಕಣಿ.”

ಈ ತರ್ಕಕ್ಕೆ ಬಿ.ಎಡ್.ನಲ್ಲಿ ಉತ್ತರ ಕಲಿಸಿರಲಿಲ್ಲ. ಮಾಸ್ತರರು ಅಂಗಿ ಹಾಕಿಕೊಂಡರು.

ಹೀಗೆ ಶುರುವಾಯಿತು ದಂಪತಿಗಳ ದಿಗ್ವಿಜಯ ಯಾತ್ರೆ. ಮುಂದೆ ಕುಂಕುಮದ ಬಟ್ಟಲು ಹಿಡಿದ ಮಾಲತಿ, ಹಿಂದೆ ಕೊಡೆ ಹಿಡಿದ ಮಾಸ್ತರರು. ಪ್ರತಿ ಮನೆಯಲ್ಲೂ ಬೆಲ್ಲ ನೀರು, ಆಮೇಲೆ ಚಾ, ಚಾದ ಜೊತೆಗೆ ಒಗ್ಗರಣೆ ಅವಲಕ್ಕಿ. ಬೇಡ ಎನ್ನುವಂತಿಲ್ಲ. ಒಂದು ಮನೆಯಲ್ಲಿ ಚಾ ಕುಡಿದು ಇನ್ನೊಂದು ಮನೆಯಲ್ಲಿ ಬಿಟ್ಟರೆ ಆ ಸುದ್ದಿ ಇವರಿಗಿಂತ ಮೊದಲು ಮೂರನೇ ಮನೆ ಮುಟ್ಟುತ್ತದೆ. ಅರ್ಧ ಕೇರಿ ಮುಗಿಯುವಷ್ಟರಲ್ಲಿ ಮಾಸ್ತರರ ಹೊಟ್ಟೆ ತುಂಬಿದ ಹೊಳೆಯಂತಾಗಿ, ನಡೆದರೆ ಸದ್ದು ಮಾಡುತ್ತಿತ್ತು.

ಗಣಪಿಯ ಮನೆಯಲ್ಲಿ ದೊಡ್ಡ ಗಂಡಾಂತರವೇ ಕಾದಿತ್ತು. ಅಲ್ಲಿ ಗಣಪಿಯೂ ಅವಳ ಅತ್ತಿಗೆಯೂ ಹೋದ ವರ್ಷವಷ್ಟೇ ಒಲೆ ಬೇರೆ ಮಾಡಿಕೊಂಡಿದ್ದರು. ಮಾಸ್ತರರು ಜಗಲಿಯಲ್ಲಿ ನಿಂತು ಇಬ್ಬರಿಗೂ ಸೇರಿಸಿ ಒಂದೇ ಸಲ ಕರೆದುಬಿಟ್ಟರು.

“ಇದು ಯಾವ ಒಲೆಗೆ ಹೇಳಿದ್ದು ಮಾಸ್ತರೇ?” ಗಣಪಿ ಮುಖ ಊದಿಸಿದಳು.

“ಎರಡೂ ಒಲೆಗೆ!”

“ಒಂದು ಹೇಳಿಕೆಲಿ ಎರಡು ಒಲೆ ಹ್ಯಾಂಗೆ ಬತ್ತದೆ? ಒಳಗೆ ಬಂದು ಬೇರೆ ಹೇಳಿ.”

“ಆದ್ರೆ ನಿಮ್ಮನೇಲಿ ಇರುದು ಒಂದೇ ಫೋನ್ ಅಲ್ವಾ?”

“ಫೋನ್ ಒಂದಾದ್ರೆ ಎಂತ ಆತು? ಮಾನ ಎರಡು ಅದೆ.”

ಮಾಲತಿ ಗಂಡನನ್ನು ಕಣ್ಣಲ್ಲೇ ಗದರಿಸಿ ಒಳಗೆ ಹೋದಳು. ಎರಡು ಒಲೆಗೂ ಬೇರೆ ಬೇರೆ ಕುಂಕುಮ ಕೊಟ್ಟಳು. ಎರಡು ಒಲೆಯ ಚಾ ಮಾತ್ರ ಮಾಸ್ತರರ ಪಾಲಿಗೆ ಬಂತು. ಆದರೂ ಅವರಿಗೆ ಒಳಗೊಳಗೇ ಖುಷಿ. ಜನ ಸೇರದಿದ್ದರೆ ಶಾಲೆಯೇ ಹೋಗುತ್ತದೆ ಎಂದು ಮಾಲತಿ ಹೇಳಿದ್ದಕ್ಕೆ ಎಲ್ಲರೂ ‘ಆತು, ಮನೆಮಂದಿಯೆಲ್ಲ ಬತ್ರು ಮಾಸ್ತರೇ’ ಎಂದಿದ್ದರು. ಈ ಸೀಮೆಯಲ್ಲಿ ಹೇಳಿಕೆ ತೆಗೆದುಕೊಂಡವರು ಮಾತು ತಪ್ಪುವುದಿಲ್ಲ. ಮಾಸ್ತರರಿಗೆ ಇಷ್ಟು ಗೊತ್ತಿತ್ತು. ಇದರ ಪೂರ್ತಿ ಅರ್ಥ ಮಾತ್ರ ಗೊತ್ತಿರಲಿಲ್ಲ.

ಮಳೆರಜೆಯ ದಿನ ಬಂತು. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಮಾಲತಿ ಇದೇ ಸುಯೋಗವೆಂದು ವಾರದ ಬಟ್ಟೆಯನ್ನೆಲ್ಲ ಒಗೆದು ಅಂಗಳದ ತಂತಿಗೆ ಹಾಕಿದ್ದಳು. ಅದರ ನಟ್ಟನಡುವೆ ಮಾಸ್ತರರ ಹಸಿರು ಚೌಕಳಿ ಲುಂಗಿ, ಹಿಂಭಾಗದಲ್ಲಿ ಒಂದು ಕೆಂಪು ತೇಪೆಯೊಂದಿಗೆ, ಗಾಳಿಗೆ ಬಾವುಟದ ಹಾಗೆ ಹಾರಾಡುತ್ತಿತ್ತು.

ಮಾಸ್ತರರು ಇಸ್ತ್ರಿ ಅಂಗಿ ತೊಟ್ಟು ಜಗಲಿಯಲ್ಲಿ ಫೋನಿನ ಮುಂದೆ ವಿರಾಜಮಾನರಾದರು. ಅಷ್ಟರಲ್ಲಿ ಬೇಲಿಯಾಚೆ ಮಾತು ಕೇಳಿಸಿತು. ಬಂಗಾರಿ, ಅವಳ ಮಗ, ಸೊಸೆ, ಬೊಮ್ಮ. ಎಲ್ಲರೂ ಮದುವೆಗೆ ಹೊರಟ ಹಾಗೆ ಸಿಂಗರಿಸಿಕೊಂಡಿದ್ದರು. ಬಂಗಾರಿಯ ಬಗಲಲ್ಲಿ ದೊಡ್ಡ ಸೌತೆಕಾಯಿ.

“ನೀವೆಂತ ಇಲ್ಲಿ?” ಮಾಸ್ತರರು ಫೋನು ಬಿಟ್ಟು ಎದ್ದು ನಿಂತರು.

“ನೀವೇ ಅಲ್ದಾ ಹೇಳಿದ್ದು, ಮನೆಮಂದಿಯೆಲ್ಲ ಬರಬೇಕು ಹೇಳಿ? ಬಂದ್ರು.”

“ಫೋನಿಗೆ ಬರುಕೆ ಹೇಳಿದ್ದು!”

“ಮನೆಗೆ ಬಂದು ಕರೆದವ್ರ ಮನೆಗೆ ಹೋಗ್ದೆ ಫೋನಿಗೆ ಹೋದ್ರೆ ನಿಮಗೆ ಅವಮಾನ ಮಾಡ್ದಂಗೆ ಅಲ್ಲನಾ?”

ಅವಳ ಹಿಂದೆ ಜಟ್ಟ, ಜಟ್ಟನ ಹಿಂದೆ ಗಣಪಿಯ ಮನೆಯ ಎರಡೂ ಒಲೆಯವರು (ಬೇರೆ ಬೇರೆ ಗುಂಪಾಗಿ, ನಡುವೆ ಸಾಕಷ್ಟು ಜಾಗ ಬಿಟ್ಟು), ಅವರ ಹಿಂದೆ ಇಡೀ ಕೇರಿ. ಒಬ್ಬರ ಕೈಯಲ್ಲಿ ಬಸಳೆ, ಒಬ್ಬರ ಕೈಯಲ್ಲಿ ಬಾಳೆಗೊನೆ. ಮಾಲತಿ ಒಂದು ಸಲ ಅಡಿಗೆಮನೆಯ ಡಬ್ಬಿಗಳನ್ನೂ ಒಂದು ಸಲ ಅಂಗಳವನ್ನೂ ನೋಡಿದಳು. ಮರುಗಳಿಗೆಗೆ ಸೆರಗು ಸಿಕ್ಕಿಸಿ, ಇದ್ದ ಅವಲಕ್ಕಿಯನ್ನೆಲ್ಲ ದೊಡ್ಡ ಪಾತ್ರೆಗೆ ಸುರಿದಳು. ನಾಲ್ಕು ಹೆಂಗಸರು ಕಾಯಿ ತುರಿಯಲು ಕುಳಿತೇಬಿಟ್ಟರು. ಮನೆಗೆ ಹಬ್ಬದ ಕಳೆ ಬಂತು. ಮಾಸ್ತರರ ಮುಖಕ್ಕೆ ಮಾತ್ರ ಗ್ರಹಣ ಹಿಡಿದಿತ್ತು.

ಯಾಕೆಂದರೆ ಸಭೆಗೆ ಹೊತ್ತಾಗಿತ್ತು, ಪರದೆಯ ಮೇಲೆ ಒಂದು ಮನೆಯೂ ಇರಲಿಲ್ಲ. ಇರುವುದಾದರೂ ಹೇಗೆ? ಎಲ್ಲ ಮನೆಗಳೂ ಇಲ್ಲೇ ಇದ್ದವು!

“ಫೋನು! ಎಲ್ಲರೂ ಫೋನ್ ತೆಗೀರಿ! ಲಿಂಕ್ ಒತ್ತಿ, ಒತ್ತಿ!” ಎಂದು ಮಾಸ್ತರರು ಅಂಗಳದ ತುಂಬ ಓಡಾಡಿದರು. ಕೇರಿಯವರು ಉತ್ಸಾಹದಿಂದ ಒತ್ತಿದರು. ಒಂದೊಂದಾಗಿ ಪರದೆಯ ಮೇಲೆ ಚೌಕಗಳು ಮೂಡಿದವು. ಮಾಸ್ತರರಿಗೆ ಹೋದ ಜೀವ ಬಂದ ಹಾಗಾಯಿತು. ಕಡೆಗೆ ಸಾಹೇಬರ ಚೌಕವೂ ಮೂಡಿತು. ಸಾಹೇಬರೆಂದರೆ ಉಮಾ ಮೇಡಂ, ಮೂಗಿನ ತುದಿಯಲ್ಲಿ ಕನ್ನಡಕ, ಹಣೆಯಲ್ಲಿ ಗಂಟು.

“ನಮಸ್ಕಾರ ಮೇಡಂ” ಎಂದರು ಮಾಸ್ತರರು.

ಆ ನಮಸ್ಕಾರವನ್ನು ಅಂಗಳದ ಎಲ್ಲ ಫೋನುಗಳೂ ಹಿಡಿದು, ಒಂದರಿಂದ ಇನ್ನೊಂದಕ್ಕೆ ದಾಟಿಸಿ, ಕೊನೆಗೆ ಕುಂಯ್ಯೋ ಎಂದು ಊಳಿಟ್ಟವು. ಗಾಬರಿಯಾದ ಹುಂಜ ಕೂಗಿತು. ಅದೂ ಎಲ್ಲ ಫೋನುಗಳಲ್ಲಿ ಮೊಳಗಿತು. ಬಂಗಾರಿ ಕಿವಿ ಮುಚ್ಚಿಕೊಂಡು “ಅಯ್ಯಯ್ಯೋ, ಸರಕಾರ ಕೂಗ್ತಾ ಅದೆ!” ಎಂದಳು. ಬೊಮ್ಮ ಓಡಿ ಬಂದು ಎಲ್ಲರ ಫೋನಿನ ಬಾಯಿ ಮುಚ್ಚಿಸಿದ ಮೇಲೆ ಶಾಂತಿ ನೆಲೆಸಿತು.

“ಹಾಜರಾತಿ ಬಹಳ ಚೆನ್ನಾಗಿದೆ ಮಾಸ್ತರ್ರೇ. ಈ ತಾಲೂಕಿನಲ್ಲಿ ಬೇರೆ ಎಲ್ಲೂ ಇಷ್ಟು ಮನೆ ಕಂಡಿಲ್ಲ” ಎಂದರು ಮೇಡಂ. ಮಾಸ್ತರರು ವಿನಯದಿಂದ ಬೀಗಿದರು. “ಒಂದೇ ಒಂದು ಸಂಶಯ. ಎಲ್ಲರ ಮನೆಯಲ್ಲೂ ಅದೇ ಹಸಿರು ಲುಂಗಿ ಒಣಗ್ತಾ ಇದೆಯಲ್ಲ? ಅದೇ ಕೆಂಪು ತೇಪೆ?”

ಮಾಸ್ತರರು ಪರದೆ ನೋಡಿದರು. ಹೌದು. ಪ್ರತಿ ಚೌಕದಲ್ಲಿಯೂ, ಪ್ರತಿ ಮುಖದ ಹಿಂದೆಯೂ, ಅವರ ಲುಂಗಿ ಸರ್ವಾಂತರ್ಯಾಮಿಯಾಗಿ ಹಾರಾಡುತ್ತಿತ್ತು.

“ಅದು... ಮೇಡಂ... ಶಾಲೆಯ ಸಮವಸ್ತ್ರ...” ಎಂದು ಅವರು ತೊದಲುತ್ತಿರುವಾಗಲೇ ಮಾಲತಿ ಸೌಟು ಹಿಡಿದೇ ಬಂದು ಫೋನು ಕಸಿದುಕೊಂಡಳು.

“ಸುಳ್ಳು ಎಂತಕ್ಕೆ ಮೇಡಂ? ನಾವು ಮನೆಮನೆಗೆ ಹೋಗಿ ಹೇಳಿಕೆ ಮಾಡಿದ್ದು. ಮರ್ಯಾದಸ್ಥ ಜನ, ಮನೆಗೇ ಬಂದಾರೆ. ನೋಡಿ” ಎಂದು ಫೋನನ್ನು ಅಂಗಳದ ಸುತ್ತ ತಿರುಗಿಸಿದಳು. ಕಾಯಿ ತುರಿಯುವವರು, ಬಾಳೆಹಣ್ಣು ಸುಲಿಯುವವರು, ಜಗಲಿಯಲ್ಲಿ ಎಲೆಯಡಿಕೆಯ ಕವಳ ಹಾಕುವವರು. ಬಂಗಾರಿ ಮುಂದೆ ಬಂದು ಕೈಮುಗಿದಳು. “ನಮ್ಮ ಶಾಲೆ ತೆಗೀಬೇಡಿ ಅಮ್ಮ. ಬೊಮ್ಮಂಗೆ ಓದುಕೆ ಬರುದು ಈ ಮಾಸ್ತರಿಂದಲೇ.”

ಅದನ್ನು ಕೇಳಿದ ಮಾಸ್ತರರು ಬೊಮ್ಮನ ತಲೆ ಸವರಿದರು. ಲುಂಗಿಯ ಅವಮಾನವೂ ಒಂದು ಕ್ಷಣ ಮರೆತುಹೋಯಿತು.

ಮೇಡಂ ಕನ್ನಡಕ ತೆಗೆದರು. ಅವರ ಹಣೆಯ ಗಂಟು ಸಡಿಲವಾಗಿತ್ತು. “ಶಾಲೆ ಇರ್ತದೆ ಅಮ್ಮ. ಇಷ್ಟು ಜನ ಬರುವ ಶಾಲೆಯನ್ನು ಯಾರು ತೆಗೀತಾರೆ?” ಎಂದರು. ಅಂಗಳದಲ್ಲಿ ಚಪ್ಪಾಳೆ, ಕೇಕೆ. ಗಣಪಿ ಸಂತೋಷದ ಭರದಲ್ಲಿ ಆಚೆ ಒಲೆಯ ಅತ್ತಿಗೆಯ ಕೈ ಹಿಡಿದಳು. ಆಮೇಲೆ ನೆನಪಾಗಿ ಬಿಟ್ಟಳು.

“ಆದ್ರೆ ಮಾಸ್ತರ್ರೇ,” ಮೇಡಂ ಸ್ವರ ತಗ್ಗಿತು, “ನಾನೂ ಇದೇ ಸೀಮೆಯವಳು, ಕುಮಟೆಯವಳು. ಇಷ್ಟು ಮನೆಗೆ ಕುಂಕುಮ ಹಿಡಿದು ಹೇಳಿಕೆ ಹೋಯ್ತು. ನನಗೆ ಮಾತ್ರ ಲಿಂಕ್ ಕಳ್ಸಿದ್ರಲ್ಲ?”

ಕಾಯಿ ತುರಿಯುವ ಕೈಗಳು ನಿಂತವು. ಇಡೀ ಕೇರಿ ಮಾಸ್ತರರತ್ತ ತಿರುಗಿತು.

“ಹೌದಾ ಮಾಸ್ತರೇ?” ಬಂಗಾರಿಗೆ ನಂಬಲಾಗಲಿಲ್ಲ. “ಮೇಡಮ್ಮಂಗೆ ಹೇಳುಕೆ ಹೋಗ್ಲಿಲ್ವಾ?”

“ನಾನು ಆವತ್ತೇ ಅಂದೆ” ಎಂದಳು ಮಾಲತಿ. (ಅಂದಿರಲಿಲ್ಲ. ಆದರೆ ಅದನ್ನು ಹೇಳುವ ಧೈರ್ಯ ಯಾರಿಗಿದೆ?)

“ಇರಲಿ, ನನ್ನದು ಬಿಡಿ” ಎಂದರು ಮೇಡಂ, ಬಿಡದ ಸ್ವರದಲ್ಲಿ. “ಮಿಕ್ಕ ಶಾಲೆಗಳದ್ದು ಯೋಚನೆ. ತೆಂಗಿನಗುಂಡಿಯಿಂದ ಹಿಡಿದು ಎಲ್ಲಾ ಕಡೆಯೂ ಪಾಲಕರು ಫೋನಿಗೆ ಬರ್ತಾ ಇಲ್ಲ. ಇವತ್ತು ಕಾರಣ ಗೊತ್ತಾಯ್ತು. ಆ ಶಾಲೆಗಳ ಸಭೆಗೂ ನೀವೇ, ಮನೆಯವರನ್ನೂ ಕರ್ಕೊಂಡು, ಮನೆಮನೆ ಹೇಳಿಕೆ ಮಾಡಿಬನ್ನಿ. ನಾಳೆಯೇ ಆದೇಶ ಕಳಿಸ್ತೇನೆ. ಪ್ರಯಾಣ ಭತ್ಯೆ ಮಾತ್ರ ಕೇಳ್ಬೇಡಿ, ಅದಕ್ಕೂ ಕತ್ತರಿ ಬಿದ್ದಿದೆ.”

ತಾಲೂಕಿನ ಎಲ್ಲ ಮನೆಗಳ ಎಲ್ಲ ಒಲೆಗಳ ಎಲ್ಲ ಚಾ ಮಾಸ್ತರರ ಕಣ್ಣ ಮುಂದೆ ಕುದಿದು ಉಕ್ಕಿತು. ಮಾಲತಿ ಆಗಲೇ ಮೇಡಮ್ಮನ ಮನೆ ಕುಮಟೆಯಲ್ಲಿ ಎಲ್ಲಿ, ಬಸ್ಸಿಳಿದು ಯಾವ ಕಡೆ ತಿರುಗಬೇಕು ಎಂದು ವಿಚಾರಿಸುತ್ತಿದ್ದಳು. ದೊಡ್ಡವರ ಮನೆಯಿಂದಲೇ ಶುರು ಮಾಡಬೇಕು, ಅದು ಕ್ರಮ.

ಮಾಸ್ತರರು ಕೊನೆಯ ಅಸ್ತ್ರವಾಗಿ ತಮ್ಮ ಬೆರಳನ್ನು ಮೆಲ್ಲನೆ ಎತ್ತಿದರು.

“ಮೇಡಂ, ಆ ಹೇಳಿಕೆಯನ್ನೂ ಆನ್‌ಲೈನ್‌ನಲ್ಲೇ ಮಾಡಿದ್ರೆ...”

“ಥೋ!” ಎಂದಿತು ಕೇರಿ. “ಛೆ!” ಎಂದಳು ಮಾಲತಿ. ಕುಮಟೆಯಿಂದ ಮೇಡಮ್ಮನೂ ಏನೋ ಅಂದರು. ಮಾಸ್ತರರು ಬೆರಳು ಇಳಿಸಿ, ಅವಲಕ್ಕಿ ಬಡಿಸಲು ಎದ್ದರು.